ಕತ್ತರಿ ಕಾಣದ ಉಣ್ಣೆ

ಸಹಾಮ ಬೆಟ್ಟದಡಿ,
ನವೆಂಬರ್ ೧೨

ಪ್ರೀತಿಯ ಸತುರ್ನಿನಕ್ಕ,

ಪಟ್ಟಣದ ಆಸ್ಪತ್ರೆಯಲ್ಲಿ ನಿನ್ನ ಕಣ್ಣಿನ ಕಟ್ಟು ಬಿಚ್ಚಿದರಂತೆ, ಕೇಳಿ ಸಮಾಧಾನವಾಯಿತು. ಬೇಗ ಬರೆಯಲಿಲ್ಲವೆಂದು ಬೈಯಬೇಡ. ಇಲ್ಲಿ ಉಣ್ಣೆ ಕತ್ತರಿಸುವ ಕಾಲ, ಉಸಿರಾಡಲೂ ಪುರುಸೊತ್ತಿಲ್ಲ. ಒಂದು ಮಾತು: ಈ ಪತ್ರ ನೀನೇ ಓದು, ಜೊತೆಗಿರುವ ಮಗನ ಕೈಲಿ ಓದಿಸಬೇಡ.

ನವೆಂಬರ್ ಬಂದರೆ ನಮ್ಮಲ್ಲಿ ಬೇಸಿಗೆ ತಾನೇ, ಆದರೂ ಈ ಸಲದ ಬಿಸಿಲು ಹೇಳತೀರದು. ಮೊನ್ನೆ ನಿನ್ನ ಸೊಸೆ ಎಲ್ಸಾ ನಿಮ್ಮ ಕೆಂಚು ಲಾಮಾವನ್ನು ಎಳೆದುಕೊಂಡು ಬಂದಳು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಉಣ್ಣೆ ಗಂಟುಗಟ್ಟಿ ಚಾಪೆಯಾಗಿತ್ತು.

“ಇದಕ್ಕೆ ಕತ್ತರಿ ಹಾಕಿ ಎಷ್ಟು ವರ್ಷ ಆಯ್ತೇ?” ಎಂದೆ.

“ಅತ್ತೆ ಮುಟ್ಟೋಕೇ ಬಿಡಲ್ಲ. ಸಂತೇಲಿ ತಂದಾಗಿಂದ ಹಿಂಗೇ ಇದೆ. ಕತ್ತರಿಸಿದ್ರೆ ಮನೆಗೆ ಕೇಡಂತೆ. ಸಾಯ್ಲಿ ಅಂತ ನೋಡ್ಕೊಂಡಿರೋಕಾಗುತ್ತಾ? ನೀವು ತೆಗೀರಿ, ಬೈದ್ರೆ ನಾನು ಬೈಸ್ಕೋತೀನಿ.”

ನಿನಗೆ ಒಳ್ಳೆಯ ಸೊಸೆ ಸಿಕ್ಕಿದ್ದಾಳೆ.

ಅದರ ಕಣ್ಣಿಗೆ ಶಾಲು ಮುಚ್ಚಿ ಬೆನ್ನಿನಿಂದ ಶುರುಮಾಡಿದೆ. ಒಳಗೆ ಬರೀ ಹೇನು, ಹುಣ್ಣು. ಪಕ್ಕೆಯ ಉಣ್ಣೆ ಎತ್ತಿದಾಗ ನನ್ನ ಕತ್ತರಿ ನಿಂತಿತು. ನರಿ ಕಚ್ಚಿದ ಗಾಯಕ್ಕೆ ನಾನೇ ದಬ್ಬಣದಲ್ಲಿ ಹಾಕಿದ ಸೊಟ್ಟ ಹೊಲಿಗೆಯ ಕಲೆ. “ಲಾಮಾ ಹೊಲಿದ್ಯೋ, ಮೂಟೆ ಹೊಲಿದ್ಯೋ?” ಎಂದು ಅವತ್ತು ನಕ್ಕವಳು ನೀನೇ ಅಲ್ಲವೇ?

ಅದು ಕಳೆದುಹೋದ ನಮ್ಮ ಲಾಮಾ, ಕಂತುತಾ ಕಣೇ ಅಕ್ಕ. ನನ್ನ ಮಗಳು ಸುಲ್ಮಾಳ ಹುಟ್ಟುಗೂದಲಿಗೆ ಮೊದಲ ಕತ್ತರಿ ಹಾಕಿದವಳು ನೀನು, ಆ ದಿನದ ಉಡುಗೊರೆಯಾಗಿ ಅವಳಿಗೆ ಈ ಮರಿ ಕೊಟ್ಟವಳೂ ನೀನು. ಅದು ಕಾಣೆಯಾದಾಗ ನನ್ನ ಜೊತೆ ಬೆಟ್ಟವೆಲ್ಲ ಅಲೆದೆ, ಹೆಸರು ಹಿಡಿದು ಕೂಗಿದೆ, ನಮ್ಮನೆಯಲ್ಲೇ ಕೂತು ಅತ್ತೆ. ನಿಮ್ಮ ಕೆಂಚಿಯನ್ನು ಸದಾ ಬೆಟ್ಟದಾಚೆಯೇ ಯಾಕೆ ಮೇಯಿಸುತ್ತಿದ್ದೆ ಎಂದು ಈಗ ಗೊತ್ತಾಯಿತು. ಅದು ಬೆಳೆದು ಚೆಂದವಾದ ಮೇಲೆ ಕೊಟ್ಟೆನಲ್ಲಾ ಎಂದು ಹೊಟ್ಟೆ ಉರಿಯಿತೇ? ಬೇಕಿದ್ದರೆ ಬಾಯಿಬಿಟ್ಟು ಕೇಳಬಾರದಿತ್ತೇ?

ಕದ್ದಿದ್ದನ್ನಾದರೂ ನುಂಗಿಕೊಂಡೇನು. ಕಲೆ ಕಂಡೀತೆಂದು ಆ ಮೂಕಪ್ರಾಣಿಯನ್ನು ಬೇಸಿಗೆಯಿಂದ ಬೇಸಿಗೆಗೆ ಬೇಯಿಸಿದೆಯಲ್ಲ, ಅದನ್ನು ಕ್ಷಮಿಸಲು ನನ್ನಿಂದಾಗದು.

ಹುಣ್ಣಿಗೆ ಮದ್ದು ಹಚ್ಚಿದ್ದೇನೆ. ರಾತ್ರಿಯ ಚಳಿ ತಡೆಯಲೆಂದು ಮೈಮೇಲೆ ಎರಡು ಬೆರಳು ಉಣ್ಣೆ ಬಿಟ್ಟಿದ್ದೇನೆ. ಎದ್ದು ಮೈಕೊಡವಿ, ಧೂಳಲ್ಲಿ ಮನಸಾರೆ ಹೊರಳಾಡಿ ಮೇಯಲು ಹೋಯಿತು. ಈಗ ನಮ್ಮ ದೊಡ್ಡಿಯಲ್ಲಿದೆ, ಇಲ್ಲೇ ಇರುತ್ತದೆ. ಯಾರೋ ಕದ್ದು ಮಾರಿದ್ದನ್ನು ನೀನು ತಿಳಿಯದೆ ಕೊಂಡೆ ಎಂದು ಎಲ್ಸಾಗೆ ಹೇಳಿದೆ. ನಿನ್ನ ಮಾನ ಉಳಿಸಲಲ್ಲ, ಆ ಹುಡುಗಿ ತಲೆಯೆತ್ತಿ ಓಡಾಡಲಿ ಎಂದು.

ಭೂತಾಯಿ ನಿನ್ನ ಕಣ್ಣು ಕಾಯಲಿ. ಬಿಸಿಲಿಗೆ ಹೋಗಬೇಡ.

ನಿನ್ನ,
ಬೆನಿತಾ

ಮರೆತ ಮಾತು: ಸುಲ್ಮಾ ಕಲೆಯ ಗುರುತು ಹಿಡಿದು ಅದರ ಕುತ್ತಿಗೆಗೆ ಜೋತುಬಿದ್ದಳು. “ಯಾರಮ್ಮಾ ಹುಡುಕಿದ್ದು?” ಎಂದಳು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. “ನಿನ್ನ ದೊಡ್ಡಮ್ಮ” ಎಂದುಬಿಟ್ಟೆ. ಊರಿಗೆಲ್ಲ ಸಾರಿಕೊಂಡು ಬಂದಿದ್ದಾಳೆ. ಆ ಉಣ್ಣೆಯಲ್ಲಿ ಗಂಟಿಲ್ಲದ್ದನ್ನು ಆರಿಸಿ ನಿನಗೊಂದು ಮಫ್ಲರ್ ಮಾಡಬೇಕಂತೆ, ನೂಲಲು ಕೂತಿದ್ದಾಳೆ. ನೀನು ಬಸ್ಸಿಳಿಯುತ್ತಲೇ ಓಡಿಬಂದು ಕೊರಳಿಗೆ ಸುತ್ತುತ್ತಾಳೆ. ಬೇಡ ಎನ್ನಬೇಡ ಅಕ್ಕ, ಹಾಕಿಕೋ.