ಸಾಲಿನ ಕೊನೆಯ ಎಂಟರ್

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6:40

ಚಹಾ ಆಯಿತು. ಹನ್ನೊಂದು ದೂರು ಬಂದು ಕೂತಿವೆ. ಎರಡು ನಿಜವಾದವು. ಉಳಿದವರೆಲ್ಲ ಪಾಸ್‌ವರ್ಡ್ ಮರೆತು ಪ್ರೋಗ್ರಾಮನ್ನು ಬೈಯುವವರು — ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಎಲ್ಲರಿಗೂ ಒಂದೇ ಉತ್ತರ: ‘ಬೀಗ ನಮ್ಮದು, ಬೀಗದ ಕೈ ನಿಮ್ಮದು, ನಮ್ಮ ಹತ್ತಿರ ನಕಲು ಇಲ್ಲ.’ ಈ ಸಾಲು ಅಣ್ಣ ಬರೆದದ್ದು. ಇಪ್ಪತ್ತೊಂದು ವರ್ಷದಿಂದ ಅದನ್ನೇ ಅಂಟಿಸುತ್ತಿದ್ದೇನೆ.

ಆಫೀಸಿಗೆ ಮೊದಲು ಒಂದೂವರೆ ಗಂಟೆ, ಸಂಬಳವಿಲ್ಲದ ಕೆಲಸ. ಫೈಲುಗಳಿಗೆ ಬೀಗ ಹಾಕುವ, ಕೀಗಳನ್ನು ಕಾಯುವ ಪ್ರೋಗ್ರಾಮು. ಯಾರು ಬೇಕಾದರೂ ಕೋಡ್ ತೆರೆದು ನೋಡಬಹುದು, ತಿದ್ದಬಹುದು. ಅಣ್ಣ ಶುರು ಮಾಡಿದ್ದು ಇದೇ ಮೇಜಿನ ಮೇಲೆ. ಅವನ ಕುರ್ಚಿ ಇನ್ನೂ ಇದೆ, ಬಲಗಡೆಯ ಕೈಗೆ ಕರೆಂಟಿನ ಟೇಪು ಸುತ್ತಿದ್ದು. ಈಗ ಅದರ ಮೇಲೆ ಇಸ್ತ್ರಿಯಾಗದ ಬಟ್ಟೆ.

ಮೇಷ್ಟ್ರ ಮೇಲ್ ಬಂದಿದೆ. ಅದೇ ವಿಷಯ. ಹಳೇ ಫಾರ್ಮ್ಯಾಟ್ ಓದುವ ಕೋಡನ್ನು ಹದಿನಾರನೇ ತಾರೀಖಿನ ರಿಲೀಸ್‌ನಲ್ಲಿ ತೆಗೆಯೋಣ ಅಂತ. ನಾಲ್ಕನೇ ಸಲ ಕೇಳುತ್ತಿದ್ದಾರೆ. ಇನ್ನೂ ಉತ್ತರ ಬರೆದಿಲ್ಲ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7:30

ಮೇಷ್ಟ್ರು ಫೋನೇ ಮಾಡಿಬಿಟ್ಟರು. ನಿವೃತ್ತ ಗಣಿತದ ಮೇಷ್ಟ್ರು, ಒಂಬತ್ತು ವರ್ಷದಿಂದ ಈ ಕೋಡಿಗೆ ನನ್ನ ಜೊತೆಗಾರ. ಇವತ್ತಿಗೂ ಒಬ್ಬರ ಮುಖ ಒಬ್ಬರು ನೋಡಿಲ್ಲ.

“ಏನಮ್ಮಾ, ಮೂರು ವರ್ಷದಿಂದ ಮುಂದಕ್ಕೆ ಹಾಕ್ತಾನೇ ಇದೀರಿ. ಆ ಕೋಡಲ್ಲಿ ಕಳ್ಳ ನುಗ್ಗೋ ತೂತಿದೆ ಅಂತ ನಿಮಗೇ ಗೊತ್ತು.”

“ಗೊತ್ತು ಮೇಷ್ಟ್ರೇ.”

“ಮತ್ತೆ? ಯಾರಿಗೆ ಬೇಕು ಹೇಳಿ ಅದು ಈಗ?”

ನನಗೆ, ಎನ್ನಲಿಲ್ಲ. ಶುಕ್ರವಾರ ಹೇಳುತ್ತೇನೆ ಎಂದೆ.

ಇಲ್ಲಾದರೂ ಬರೆಯುತ್ತೇನೆ. ಡ್ರಾಯರಿನಲ್ಲಿ ಅಣ್ಣನ ಪೆನ್‌ಡ್ರೈವ್ ಇದೆ. ಹೋಗುವ ಎರಡು ವಾರ ಮೊದಲು ನನ್ನ ಕೈಗಿಟ್ಟದ್ದು. ಒಂದೇ ಫೈಲು, ಹೆಸರು ‘ಪುಟ್ಟಿಗೆ’ (ಅಂದರೆ ನನಗೆ), ಹಳೇ ಫಾರ್ಮ್ಯಾಟಿನದು. ಪಾಸ್‌ವರ್ಡ್ ಏನು ಎಂದರೆ “ನಿನಗೆ ಗೊತ್ತಿರೋದೇ ಕಣೇ” ಎಂದ. ನನಗೆ ಗೊತ್ತಿರುವುದು ಒಂದೇ. ಚಿಕ್ಕವರಿದ್ದಾಗ ಅಮ್ಮ ದಿನಾ ಬೆಳಿಗ್ಗೆ ನಮ್ಮಿಬ್ಬರನ್ನು ಕೂಗುತ್ತಿದ್ದ ಮಾತು, ಶುರುವಿನಿಂದಲೂ ನಮ್ಮಿಬ್ಬರ ಪಾಸ್‌ವರ್ಡ್ ಅದೇ. ಏನೆಂದು ಇಲ್ಲಿ ಬರೆಯುವುದಿಲ್ಲ. ವೃತ್ತಿಧರ್ಮ.

ಅದು ಹಾಕಿದರೆ ಫೈಲು ತೆರೆಯಲಿಲ್ಲ. ತಿರುಚಿ ಮುರುಚಿ ನಾನೂರು ಬಗೆ ಹಾಕಿದೆ. ಇಲ್ಲ.

ಅಂದರೆ ಬದಲಾಯಿಸಿದ್ದಾನೆ, ನನಗೆ ಹೇಳದೆ. ಮೂರು ವರ್ಷದಿಂದ ಅವನ ಮೇಲೆ ಸಿಟ್ಟು. ಸತ್ತವನ ಮೇಲೆ ಸಿಟ್ಟು ಇಟ್ಟುಕೊಂಡು ಅವನದೇ ಕೋಡ್ ತಿದ್ದುತ್ತ ಕೂತಿದ್ದೇನೆ.

ಅಮ್ಮನಿಗೆ ಫೈಲು ಎಂದರೆ ಡಬ್ಬಿ. ಇವತ್ತೂ ಕೇಳಿದಳು. “ಅವನ ಡಬ್ಬಿ ತೆಗೆದ್ಯೇನೇ?”

“ಇಲ್ಲಮ್ಮ, ಬಿಗಿಯಾಗಿದೆ.”

“ಬಿಸಿನೀರಲ್ಲಿ ಸ್ವಲ್ಪ ಹೊತ್ತು ಇಡು. ತಾನೇ ಬಿಡುತ್ತೆ.”

ಮಾರ್ಚ್ 7, ಶುಕ್ರವಾರ. ಬೆಳಿಗ್ಗೆ

ಆಗಲಿ ಎಂದು ಮೇಷ್ಟ್ರಿಗೆ ಬರೆದೆ. ಹಳೇ ವರ್ಷನ್ ಒಂದನ್ನು ನಾನು ಎತ್ತಿಟ್ಟುಕೊಳ್ಳಬಹುದು, ಅದೇನೂ ಕಷ್ಟವಲ್ಲ. ಆದರೆ ಅವನು ಬರೆದ ಸಾಲುಗಳಲ್ಲಿ ಉಳಿದಿರುವುದು ಇವಿಷ್ಟೇ. ಅವನ್ನು ನನ್ನ ಕೈಯಾರೆ ಅಳಿಸಿದರೆ ಡಬ್ಬಿ ಇನ್ನು ತೆರೆಯುವುದಿಲ್ಲ ಎಂದು ಒಪ್ಪಿಕೊಂಡಂತೆ. ಅಷ್ಟೇ.

ಆಫೀಸಿಗೆ ಹೊತ್ತಾಯಿತು.

ಮಾರ್ಚ್ 15, ಶನಿವಾರ. ಮಧ್ಯಾಹ್ನ 2:15

ಎಂಟು ದಿನ ಮುಟ್ಟಿರಲಿಲ್ಲ. ನೆವಕ್ಕೇನು ಬರ — ನೆಗಡಿ, ಆಫೀಸು, ಅಮ್ಮನ ಕಣ್ಣಿನ ಡಾಕ್ಟರು. ನಾಳೆ ರಿಲೀಸು. ಇವತ್ತು ಕೂತೆ.

ಅಳಿಸುವ ಮೊದಲು ಒಮ್ಮೆ ಬದಲಾವಣೆಗಳ ಪಟ್ಟಿಯನ್ನು ಮೊದಲಿನಿಂದ ಓದೋಣ ಅನ್ನಿಸಿತು. ಪ್ರತಿ ತಿದ್ದುಪಡಿಗೂ ಏನು ಮಾಡಿದೆವೆಂದು ಒಂದು ಸಾಲು ಬರೆಯಬೇಕು. ಬೇರೆಯವರು ಬರೆಯುವುದು ನೋಡಿದರೆ ಆಕಳಿಕೆ. ಅಣ್ಣನದು ಹೀಗೆ:

‘ಹಾಲು ಉಕ್ಕಿತು, ಉಳಿದದ್ದು ನಾಳೆ.’

‘ನಿನ್ನೆ ಸರಿಮಾಡಿದ್ದನ್ನು ಇವತ್ತು ಸರಿಮಾಡಿದೆ.’

‘ಪುಟ್ಟಿ ಬೈದಳು. ಪುಟ್ಟಿ ಹೇಳಿದ್ದೇ ಸರಿ. ಅವಳಿಗೆ ಹೇಳಬೇಡಿ.’

ಒಬ್ಬಳೇ ನಗುತ್ತ ಕೂತೆ. ಒಂದು ಕಂಪ್ಯೂಟರು, ಎರಡು ಕುರ್ಚಿ, ಅವನು ಟೈಪ್ ಮಾಡಿದರೆ ನಾನು ತಪ್ಪು ಹುಡುಕುವುದು. ಎಷ್ಟು ಜಗಳ, ಎಷ್ಟು ಚಹಾ.

ಆಮೇಲೆ ನನ್ನ ಮೊಟ್ಟಮೊದಲ ತಿದ್ದುಪಡಿ ಕಂಡಿತು. ಒಂದೇ ಒಂದು ಸಾಲು. ಯಾರೋ ದೂರು ಕೊಟ್ಟಿದ್ದರು: ಪಾಸ್‌ವರ್ಡನ್ನು ಟೈಪ್ ಮಾಡುವ ಬದಲು ಚಿಕ್ಕ ಫೈಲಿನಲ್ಲಿ ಬರೆದಿಟ್ಟು ಓದಿಸಿದರೆ ತಾಳೆಯಾಗುವುದಿಲ್ಲ ಅಂತ. ಕಾರಣ ಹುಡುಕಿದ್ದು ನಾನು. ಬರೆದು ಉಳಿಸುವಾಗ ಸಾಲಿನ ಕೊನೆಗೆ ಒಂದು ಎಂಟರ್ ತಾನಾಗಿ ಸೇರುತ್ತದೆ. ನಮ್ಮ ಪ್ರೋಗ್ರಾಮು ಆ ಎಂಟರನ್ನೂ ಪಾಸ್‌ವರ್ಡಿನ ಒಂದು ಅಕ್ಷರವೆಂದು ಹಿಡಿಯುತ್ತಿತ್ತು. ಕೊನೆಯ ಎಂಟರನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಒಂದು ಸಾಲು ಬರೆದೆ. ಅಣ್ಣ ಕುರ್ಚಿಯಿಂದ ಎದ್ದು ನಿಂತು “ಭೇಷ್!” ಎಂದು ತನ್ನ ಪಾಲಿನ ಬಿಸ್ಕತ್ತೂ ಕೊಟ್ಟಿದ್ದ.

ಅದಕ್ಕೆ ಮೊದಲು ಎಂಟರ್ ಸಮೇತ ಬೀಗ ಹಾಕಿದ ಡಬ್ಬಿಗಳ ಗತಿ ಏನು? ಇಬ್ಬರೂ ಯೋಚಿಸಲಿಲ್ಲ. ಆಗ ನಮ್ಮ ಬಳಕೆದಾರರೇ ಹನ್ನೊಂದು ಜನ.

ಇಲ್ಲಿಗೆ ಬಂದಾಗ ಕೈ ನಿಂತಿತು.

ಕೊನೆಕೊನೆಗೆ ಅಣ್ಣನ ಕೈ ನಡುಗುತ್ತಿತ್ತು. ಅಷ್ಟುದ್ದ ವಾಕ್ಯವನ್ನು ತಪ್ಪಿಲ್ಲದೆ ಟೈಪ್ ಮಾಡಲು ಆಗುತ್ತಿರಲಿಲ್ಲ. ಒಂದು ಫೈಲಿನಲ್ಲಿ ಬರೆದಿಟ್ಟು ಅದನ್ನೇ ಓದಿಸುತ್ತಿದ್ದ, ನಾನೇ ನೋಡಿದ್ದೇನೆ. ಅದೂ ಆ ಹಳೇ ಡಬ್ಬಾ ಮೆಷಿನ್ನಿನಲ್ಲಿ. ಅದರಲ್ಲಿದ್ದದ್ದು ಮೊದಮೊದಲ ವರ್ಷನ್ನು, ನನ್ನ ತಿದ್ದುಪಡಿಗಿಂತ ಹಿಂದಿನದು. ಊರಿಗೆಲ್ಲ ಅಪ್‌ಡೇಟ್ ಮಾಡಿ ಅಪ್‌ಡೇಟ್ ಮಾಡಿ ಎಂದು ಉಪದೇಶ. ಹೇಳುವುದು ಪುರಾಣ, ತಿನ್ನುವುದು ಬದನೆಕಾಯಿ.

ಅವನು ಬದಲಾಯಿಸಿಲ್ಲ. ಅದೇ ವಾಕ್ಯ, ಕೊನೆಗೊಂದು ಎಂಟರ್. ನಾನು ಹಾಕಿ ನೋಡಿದ ನಾನೂರರಲ್ಲೂ ನನ್ನದೇ ಆ ಸಾಲು ಎಂಟರನ್ನು ತೆಗೆದುಹಾಕಿದೆ.

ಮೂರು ವರ್ಷ ಅವನನ್ನು ಬೈದೆನಲ್ಲ. ಅತ್ತುಬಿಟ್ಟೆ.

ಒಬ್ಬಳೇ ತೆರೆಯಲು ಧೈರ್ಯವಿಲ್ಲ. ಅಮ್ಮ ಮಲಗಿದ್ದಾಳೆ. ಏಳಲಿ.

ಅದೇ ದಿನ. ಸಂಜೆ 4:50

ತೆರೆಯಿತು.

ನನ್ನ ಆ ಸಾಲನ್ನು ಪಕ್ಕಕ್ಕಿಟ್ಟು ಎಂಟರ್ ಸಮೇತ ಓದಿಸಿದೆ, ಅಷ್ಟೇ. ಕಾಗದವಲ್ಲ, ಫೋಟೋ ಅಲ್ಲ. ಧ್ವನಿ. ಇಪ್ಪತ್ತಮೂರು ಸೆಕೆಂಡು, ಎಷ್ಟೋ ವರ್ಷ ಹಿಂದೆ ರೆಕಾರ್ಡ್ ಮಾಡಿದ್ದು. ಅಣ್ಣನ ಕುರ್ಚಿಯ ಮೇಲಿನ ಬಟ್ಟೆರಾಶಿ ಎತ್ತಿಟ್ಟು, ಅಮ್ಮನನ್ನು ಅದರಲ್ಲಿ ಕೂರಿಸಿ ಹಾಕಿದೆ.

ಪಾತ್ರೆ ಸದ್ದು. ಆಮೇಲೆ ಒಂದು ಹೆಂಗಸಿನ ಗಟ್ಟಿ ಗಂಟಲು: “ಏಳ್ರೋ ಕುಂಭಕರ್ಣನ ಸಂತಾನಗಳಾ! ಸೂರ್ಯ ನೆತ್ತಿ ಮೇಲೆ ಬಂದ!” ಹತ್ತಿರದಲ್ಲೇ ಬಾಯಿ ಮುಚ್ಚಿಕೊಂಡು ನಗುವ ಸದ್ದು, ಅದು ಅಣ್ಣ. ದೂರದಿಂದ ನಿದ್ದೆಗಣ್ಣಿನ ದನಿ — “ಐದೇ ನಿಮಿಷ ಅಮ್ಮಾ...” ಅದು ನಾನು.

ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ್ದಾನೆ ಮಹಾನುಭಾವ.

“ಯಾರೇ ಅವಳು? ಬೆಳಬೆಳಗ್ಗೆ ಹೀಗೆ ಅರಚ್ತಾಳೆ?”

“ನೀನೇ ಅಮ್ಮ.”

ಕುರ್ಚಿಯ ಕೈಗೆ ಸುತ್ತಿದ್ದ ಟೇಪನ್ನು ಸವರುತ್ತ ಕೂತಳು. “ಮತ್ತೆ ನಗ್ತಿರೋನು?” ಎಂದಳು. ಉತ್ತರ ಅವಳಿಗೆ ಬೇಕಿರಲಿಲ್ಲ.

“ಇನ್ನೊಂದು ಸಲ ಹಾಕು.”

ಪಾಸ್‌ವರ್ಡ್ ಇಲ್ಲಿ ಬರೆದುಬಿಟ್ಟೆ. ಇನ್ನು ಬದಲಾಯಿಸಬೇಕು. ಬದಲಾಯಿಸುವುದಿಲ್ಲ.

ಮಾರ್ಚ್ 16, ಭಾನುವಾರ. ಬೆಳಿಗ್ಗೆ 7:05

ನಿನ್ನೆ ಮೇಷ್ಟ್ರಿಗೆ ಎಲ್ಲ ಹೇಳಿದೆ. “ಒಂದು ಎಂಟರಾ? ಅಯ್ಯೋ ನಿಮ್ಮ...” ಎಂದು ಅಲ್ಲಿಗೇ ನಿಲ್ಲಿಸಿದರು. ಆಮೇಲೆ ಅವರೇ ಅಂದರು: “ಇನ್ಯಾರ ಮನೇಲಿ ಇಂಥ ಡಬ್ಬಿ ಇದೆಯೋ ಏನೋ. ಅಳಿಸೋಕೆ ಮುಂಚೆ ಅವರಿಗೊಂದು ದಾರಿ ಮಾಡೋಣಮ್ಮ.”

ಮಾಡಿದೆವು. ಹಳೇ ಫೈಲುಗಳನ್ನು ಹೊಸ ಫಾರ್ಮ್ಯಾಟಿಗೆ ತರುವ ಪುಟ್ಟ ಪ್ರೋಗ್ರಾಮು, ಬೇರೆಯಾಗಿ. ಎಂಟರ್ ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ, ಎರಡು ಸಲ ಪ್ರಯತ್ನಿಸುತ್ತದೆ. ಅಣ್ಣನ ಫೈಲೇ ಮೊದಲ ಟೆಸ್ಟು. ಪಾಸ್.

ಆಮೇಲೆ ಅವನ ನಾನೂರಹನ್ನೆರಡು ಸಾಲು ಅಳಿಸಿದೆ. ಪಟ್ಟಿಯಲ್ಲಿ ಬರೆದದ್ದು: ‘ಡಬ್ಬಿ ತೆರೆಯಿತು. ಅಣ್ಣ ಹೇಳಿದ್ದೇ ಸರಿ. ಅವನಿಗೆ ಹೇಳಬೇಡಿ.’

ಇನ್ನು ರಿಲೀಸ್ ಬಟನ್ ಒತ್ತುವುದೊಂದೇ ಬಾಕಿ. ಒತ್ತುತ್ತೇನೆ. ಅಣ್ಣನ ಆ ರೆಕಾರ್ಡಿಂಗನ್ನು ಅಮ್ಮನ ಫೋನಿಗೂ ಹಾಕಿಕೊಟ್ಟದ್ದೇ ತಪ್ಪಾಯಿತು, ಬೆಳಗಿನಿಂದ ಅಡುಗೆಮನೆಯಲ್ಲಿ ಅದೇ. ಈಗ ಮತ್ತೆ ಕೂಗು ಕೇಳುತ್ತಿದೆ, ಸೂರ್ಯ ನೆತ್ತಿ ಮೇಲೆ ಬಂದನಂತೆ. ಫೋನಿನೊಳಗಿನ ಅಮ್ಮನೋ, ಒಲೆ ಮುಂದಿನ ಅಮ್ಮನೋ, ಇಲ್ಲಿಂದ ತಿಳಿಯುತ್ತಿಲ್ಲ.

ಬಂದೆ ಅಮ್ಮಾ. ಐದೇ ನಿಮಿ—