ಶಾರ್ವರಿ ಮಾಘದ ರಾಜಿ ಕಾಗದ

ಇಳಕಲ್ಲು
ಕೀಲಕ ಸಂವತ್ಸರ, ಭಾದ್ರಪದ ಬಹುಳ ತದಿಗೆ

ಚೊಳಚಗುಡ್ಡದಲ್ಲಿರುವ ಮಗಳು ಸಿದ್ದಲಿಂಗವ್ವಗೆ ತಾಯಿ ಗುರುಲಿಂಗವ್ವ ತಲೆ ಸವರಿ ಬರೆಯುವುದು. ನಾನೂ ನಿನ್ನ ಮಗಳು ಸಾವಂತ್ರಿಯೂ ಆರಾಮ ಇದ್ದೇವೆ. ನೀನೂ ನಿನ್ನ ಗಂಡ ಕಾಶಪ್ಪನೂ ಹಾಗೆಯೇ ಇದ್ದೀರೆಂದು ತಿಳಿದಿದ್ದೇನೆ.

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ದಸರೆಗೆ ತವರಿಗೆ ಹೋಗಿ ಬಾ ಎಂದು ಅತ್ತೆ ಒಪ್ಪಿದ್ದಾಳೆ, ಬರಲೇ, ಎಂದು ಕೇಳಿದ್ದೀ. ಎರಡನೆಯ ಲಗ್ನದ ಉಡಿಕೆಯಾಗಿ ಬಂದ ಸೊಸೆ ಮೊದಲಿನ ಮನೆಯ ಕೂಸಿನ ಮುಖ ನೋಡಬಾರದೆಂದು ಇಷ್ಟು ವರ್ಷ ಹಟ ಹಿಡಿದಿದ್ದ ಹೆಂಗಸಿಗೆ ಈಗ ಎಲ್ಲಿಂದ ಬುದ್ಧಿ ಬಂತೋ. ಉತ್ತರ ಬರೆಯಲು ಕೂತಾಗಲೆಲ್ಲ ಟಾಕಿನ ಮಸಿ ಒಣಗಿತು. ಊರ ಗಾವಠಿ ಸಾಲೆಯಲ್ಲಿ ಎರಡು ಮಳೆಗಾಲ ಕಲಿತವಳು ನಾನು. ಬಾಯಿ ಓಡಿದಂತೆ ಕೈ ಓಡುವುದಿಲ್ಲ. ಅದೂ ಅಲ್ಲದೆ, ನಡೆದದ್ದು ನನಗೇ ಪೂರಾ ತಿಳಿದಿಲ್ಲ. ತಿಳಿದಷ್ಟು ಬರೆಯುತ್ತೇನೆ, ಸಿಟ್ಟಾಗಬೇಡ.

ಹುನಗುಂದದ ಶಂಕ್ರಪ್ಪ, ನಿನಗೆ ಸೋಡಚೀಟಿ ಬರೆದುಕೊಟ್ಟು ಹೊರಗೆ ಹಾಕಿದ ಮಹಾರಾಯ, ಇಷ್ಟು ದಿನ ಮಗಳು ಉಂಡಳೋ ಉಪವಾಸ ಮಲಗಿದಳೋ ಎಂದು ಕೇಳದವನು, ಈಗ ಬಾಗಲಕೋಟೆಯ ಕೋರ್ಟಿನಲ್ಲಿ ಅರ್ಜಿ ಹಾಕಿದ. ಅಜ್ಜ ತೀರಿಕೊಂಡ ಮೇಲೆ ಕೂಸನ್ನು ಒಬ್ಬ ಮುದುಕಿಯ ಹತ್ತಿರ ಬಿಡುವುದು ತರವಲ್ಲ, ತನಗೆ ಕೊಡಿಸಬೇಕು ಎಂದು. ಒಳಗಿನ ಕಾರಣ ಊರಿಗೆಲ್ಲ ಗೊತ್ತು. ಅವನ ಎರಡನೆಯ ಹೆಂಡತಿಯ ತಮ್ಮ ಒಬ್ಬ ಹೆಂಡತಿಯನ್ನು ಮಣ್ಣು ಮಾಡಿ ಬಂದಿದ್ದಾನೆ, ಅವನಿಗೆ ಹೆಣ್ಣು ಬೇಕು. ನಮ್ಮ ಸಾವಂತ್ರಿಗೆ ಇನ್ನೂ ಒಂಬತ್ತು ತುಂಬಿಲ್ಲ. ಆ ವರನ ಮೀಸೆಯಲ್ಲಿ ಬಿಳಿ ಕೂದಲು ಇಣುಕುತ್ತಿವೆ.

ಸೋಡಚೀಟಿಯಾದ ವರ್ಷ ನಿಮ್ಮಪ್ಪ ಅದೇ ಕೋರ್ಟಿನಲ್ಲಿ ಅವನಿಂದ ರಾಜಿ ಬರೆಸಿಕೊಂಡದ್ದು ನಿನಗೆ ನೆನಪಿರಬೇಕು. ಕೂಸು ಅಜ್ಜ ಅಜ್ಜಿಯರ ಹತ್ತಿರ ಇರತಕ್ಕದ್ದು, ಲಗ್ನ ಮಾಡುವ ಹಕ್ಕೂ ಅವರದೇ ಎಂದು. ನಮ್ಮ ಹತ್ತಿರವಿದ್ದ ನಕಲು ಪ್ಲೇಗಿನ ವರ್ಷ ಹಾಳಾಯಿತು. ನಾವು ಹೊಲದ ಗುಡಿಸಲಿನಲ್ಲಿದ್ದಾಗ ಮನೆಗೆ ಔಷಧದ ನೀರು ಹೊಡೆದು ಹೋದರಲ್ಲ, ಗೋಡೆಯ ಮಾಡದೊಳಗಿನ ಕಾಗದವೆಲ್ಲ ಅಂಬಲಿಯಾಗಿತ್ತು. ಕೋರ್ಟಿನ ದಫ್ತರದಿಂದ ಹೊಸ ನಕಲು ತೆಗೆಸಿ ಹಾಜರು ಮಾಡದಿದ್ದರೆ ಕೂಸು ಕೈಬಿಟ್ಟ ಹಾಗೆಯೇ ಎಂದ ನಾವು ಹಿಡಿದ ವಕೀಲ.

ನಿಮ್ಮಪ್ಪನ ಜೋಡಿ ಸೀರೆಯ ಗಂಟು ಹೊತ್ತು ಸಂತೆ ತಿರುಗಿದ ಸುಭಾನಸಾಬ ಗಾಡಿ ಹೂಡಿದ. ಸಾವಂತ್ರಿಯನ್ನೂ ಕರೆದುಕೊಂಡು ಹೋದೆ. ಮನೆಯಲ್ಲಿ ಬಿಟ್ಟರೆ ಅವನು ಬಂದು ಎತ್ತಿಕೊಂಡು ಹೋದಾನೆಂಬ ಅಂಜಿಕೆ. ಕಮತಗಿಯಲ್ಲಿ ಹೊಳೆ ತುಂಬಿತ್ತು, ದಾಟುವವರೆಗೆ ಅವಳು ನನ್ನ ಸೆರಗಿನಲ್ಲಿ ಮುಖ ಹುದುಗಿಸಿದ್ದಳು.

ಕೋರ್ಟಿನಲ್ಲಿ ಹಳೆಯ ಕಾಗದಗಳನ್ನು ವರ್ಷವರ್ಷಕ್ಕೆ ಬೇರೆ ಮಾಡಿ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಾರೆ. ಕಾರಕೂನ ಯಾವ ಸನ ಎಂದು ಕೇಳಿದ. ಶಾರ್ವರಿ ಸಂವತ್ಸರ ಎಂದೆ. ವಕೀಲ ಪಂಚಾಂಗ ತಿರುವಿ ಅದು ಇಂಗ್ರೇಜಿಯಲ್ಲಿ ಹತ್ತೊಂಬತ್ತು ನೂರನೆಯ ಸನ ಎಂದು ಬರೆದುಕೊಟ್ಟ. ಆ ಗಂಟು ಬಿಚ್ಚಿ ಒಂದೊಂದೇ ಕಾಗದ ನೋಡಿದರು. ಇರಲಿಲ್ಲ.

“ಇಲ್ಲಿ ಅಂಥಾ ರಾಜಿ ಕಾಗದನ ಇಲ್ಲ ಅಜ್ಜಿ. ನಿಮ್ಮ ಯಜಮಾನ್ರು ನಿಮ್ಮ ಸಮಾಧಾನಕ್ಕ ಹೇಳಿರಬೇಕು,” ಎಂದ ಕಾರಕೂನ.

“ನನ್ನ ಸಮಾಧಾನಕ್ಕ ಅವರು ಎಂದೂ ಏನೂ ಹೇಳಿದವರಲ್ರೀ. ಆ ದಿನ ನಾನೂ ಬಂದಿದ್ದೆ. ಹೊರಗ ಆ ಬೇವಿನ ಗಿಡದ ಬುಡಕ ಕೂಸಿಗೆ ಹಾಲು ಕುಡಿಸಿಕೋತ ಕುಂತಿದ್ದೆ.”

“ಹಂಗಾದ್ರ ಗಿಡಾನ ಸಾಕ್ಷಿ ಕರಸೂಣೇನು?”

“ಕರಸ್ರಿ. ನಿಮಗಿಂತಾ ಅದಕ್ಕ ನೆನಪು ಛಲೋ ಇದ್ದೀತು.”

ಸುಭಾನಸಾಬ ನಡುವೆ ಬಾಯಿ ಹಾಕಿದ: “ಅಕ್ಕಾ, ಅದರ ಹಿಂದಿನ ವಿಕಾರಿ ಸಂವತ್ಸರ ಇರಬೇಕು ನೋಡು. ಆ ವರ್ಷ ನನ್ನ ಎತ್ತು ಸತ್ತಿತ್ತು.”

“ನಿನ್ನ ಎತ್ತಿಗೂ ನನ್ನ ಮಗಳ ಸೋಡಚೀಟಿಗೂ ಏನೋ ಸಂಬಂಧ?”

ಆದರೂ ಆ ಗಂಟನ್ನೂ ಬಿಚ್ಚಿಸಿದೆವು. ಅದರಲ್ಲಿಯೂ ಇಲ್ಲ. ಆಗ ನನ್ನ ತಲೆ ಕಲಸಿಹೋಯಿತು, ಸಿದ್ದವ್ವ. ನಿಮ್ಮಪ್ಪ ಒಳಗೆ ಹೋದದ್ದು ಕಂಡಿದ್ದೆ, ಹೊರಗೆ ಬಂದು ‘ಆತು’ ಎಂದದ್ದು ಕೇಳಿದ್ದೆ. ಒಳಗೆ ಏನಾಯಿತೋ ಬೇವಿನ ಗಿಡಕ್ಕೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೇಳೋಣವೆಂದರೆ ಆ ಮನುಷ್ಯ ಇಲ್ಲ.

ಮರುದಿನ ಮತ್ತೆ ಹೋಗಿ ಕಾರಕೂನನ ಎದುರು ಕುಳಿತೆ. ಅವನಿಗೂ ನನ್ನನ್ನು ನೋಡಿ ಬೇಸರವಾಗಿರಬೇಕು.

“ಗಿಡದ ಬುಡಕ ಕುಂತಿದ್ರಿ ಅಂದ್ರಿ. ಆವತ್ತು ಬಿಸಿಲಿತ್ತೋ ಮಳಿ ಇತ್ತೋ?”

“ಎರಡೂ ಇರಲಿಲ್ಲ. ಥಂಡಿ. ಬನದ ಹುಣ್ಣಿವಿ ಆಗಿ ಮಾಘ ಹಿಡದಿತ್ತು. ಕೂಸಿಗೆ ಕುಂಚಿಗಿ ಕಟ್ಟಿದ್ದೆ.”

ಅವನು ಹಣೆ ಬಡಿದುಕೊಂಡ. “ಅಲ್ರೀ ಅಜ್ಜಿ, ಮಾಘ ಅಂತ ನಿನ್ನೆನ ಹೇಳಬಾರದೇನ್ರಿ? ಪುಷ್ಯದಾಗ ಇಂಗ್ರೇಜಿ ಸನ ಬದಲಾಗಿಬಿಡ್ತದ. ನಾವು ಹಿಂದಿನ ಸನದಾಗ ಹುಡುಕ್ಲಿಕ್ಕತ್ತೀವಿ.”

“ಯುಗಾದಿ ಬರೂಕಿಂತ ಮೊದಲ ವರ್ಷ ಬದಲು ಮಾಡೂ ಅಂಥಾ ಅವಸರ ಅವರಿಗೇನಿತ್ರೀ?”

ಅವನು ನಕ್ಕ. ಮುಂದಿನ ಸನದ ಗಂಟಿನಲ್ಲಿ ರಾಜಿ ಸಿಕ್ಕಿತು. ಕೆಳಗೆ ನಿಮ್ಮಪ್ಪನ ಸಹಿ, ಬಲಕ್ಕೆ ವಾಲಿದ ಅಕ್ಷರ, ಪಕ್ಕದಲ್ಲಿ ಶಂಕ್ರಪ್ಪನ ಹೆಬ್ಬೆಟ್ಟು. ಸಹಿಯ ಮೇಲೆ ಬೆರಳು ಇಡಹೋದೆ. ಮುಟ್ಟಬೇಡಿ ಎಂದ ಕಾರಕೂನ. ನಿಮ್ಮಪ್ಪನ ಜೋಡಿ ಅಷ್ಟು ವರ್ಷ ಬಾಳುವೆ ಮಾಡಿದವಳಿಗೆ ಮುಟ್ಟಬೇಡ ಎನ್ನುವವನು ಇವನ್ಯಾರು ಎನಿಸಿತು. ಆದರೆ ಬೆರಳು ಹಿಂದಕ್ಕೆ ತೆಗೆದೆ, ಕೆಲಸ ಆಗಬೇಕಿತ್ತಲ್ಲ.

ನಕಲು ಬರೆಸಿ ವಕೀಲ ದಾವೆಗೆ ಹಚ್ಚಿದ. ನ್ಯಾಯ ಹೇಳುವ ರಾವಸಾಹೇಬರು ಓದಿದರು, ಸಾವಂತ್ರಿಯನ್ನು ಕರೆದು ಎರಡು ಮಾತು ಕೇಳಿದರು, ತೀರ್ಪು ಹೇಳಿದರು. ಕೂಸು ನನ್ನ ಹತ್ತಿರವೇ. ಶಂಕ್ರಪ್ಪ ರುಮಾಲು ಸರಿಪಡಿಸಿಕೊಳ್ಳುತ್ತ ಹೊರಗೆ ನಡೆದ. ನಾವು ಗಾಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಸಾವಂತ್ರಿ ಸುಭಾನಸಾಬನ ಪಾಲಿನ ಶೇಂಗಾ ಹಿಂಡಿಯನ್ನೂ ತಿಂದಳು. ನನ್ನ ಪಾಲಿನ ರೊಟ್ಟಿಯನ್ನು ಎತ್ತಿಗೆ ಹಾಕಿದೆ.

ಇನ್ನು ನೀನು ಕೇಳಿದ ಮಾತು. ಈ ದಸರೆಗೆ ಬರಬೇಡ. ಹೊಳೆ ತುಂಬಿದೆ, ಹಾದಿ ಕೆಸರು, ನನಗೂ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಕೆಲಸ ಬಹಳ. ಮುಂದೆ ನೋಡೋಣ. ಸಾವಂತ್ರಿ ನಿನ್ನಷ್ಟೇ ಉದ್ದ ಜಡೆ ಬಿಟ್ಟಿದ್ದಾಳೆ, ನಿನ್ನಂತೆಯೇ ಎಡಗೈಯಿಂದ ಉಣ್ಣಲು ಹೋಗಿ ನನ್ನಿಂದ ಏಟು ತಿನ್ನುತ್ತಾಳೆ. ನಿನ್ನ ಅಡಿಗೆಮನೆಯಲ್ಲಿ ಜೋಳ ತುಂಬಿರಲಿ, ಕಾಶಪ್ಪನ ಆಯುಷ್ಯ ಗಟ್ಟಿಯಾಗಲಿ, ಬಸವಣ್ಣ ನಿನ್ನ ಬೆನ್ನಿಗೆ ಇರಲಿ.

ನಿನ್ನ ತಾಯಿ
ಗುರುಲಿಂಗವ್ವ

ತಾ.ಕ. — ಹೊಳೆ ಇಳಿದು ವಾರವಾಯಿತು. ಹಾದಿಯೂ ಒಣಗಿದೆ. ಅದಕ್ಕಲ್ಲ.

ರಾವಸಾಹೇಬರು ಕೂಸನ್ನು ಕೇಳಿದ್ದು ಇಷ್ಟು. “ಯಾರ ಹತ್ರ ಇರ್ತೀಯವಾ?” “ಆಯಿ ಹತ್ರರೀ,” ಎಂದು ನನ್ನ ಕಡೆ ಕೈ ಮಾಡಿದಳು. “ಅಪ್ಪನ ಮನಿಗೆ ಹೋಗ್ತೀಯೇನು?” “ಒಲ್ಲೆರೀ.” “ನಿಮ್ಮವ್ವ ಎಲ್ಲಿದ್ದಾಳ?” “ಸತ್ತಾಳ್ರೀ.”

ನಾನು ಬಾಯಿ ತೆರೆದೆ. ವಕೀಲ ನನ್ನ ರಟ್ಟೆ ಹಿಡಿದ. “ಸುಮ್ನಿರ್ರಿ ಆಯಿ. ಈಗ ನೀವು ಮಾತಾಡಿದ್ರ ಹುಡುಗಿ ಸುಳ್ಳು ಹೇಳಿದಂಗಾಗ್ತದ, ನೀವ ಕಲಿಸಿದಂಗಾಗ್ತದ.” ಶಂಕ್ರಪ್ಪನ ಕಡೆಗೆ ನೋಡಿದೆ. ಅವನಾದರೂ ಇಲ್ಲ ಎಂದಾನೆಂದು. ಎರಡನೆಯ ಹೆಣ್ಣು ತರುವಾಗ ಅವನೂ ನಿನ್ನನ್ನು ಸತ್ತವಳೆಂದೇ ಹೇಳಿದ್ದನಂತೆ. ತನ್ನ ಕಾಲಿನ ಕೆರವು ನೋಡುತ್ತ ನಿಂತ. ತೀರ್ಪಿನ ಕಾಗದದಲ್ಲಿ, ತಾಯಿ ಮೃತಳಾದ ಕಾರಣ ಮತ್ತು ಹಳೆಯ ರಾಜಿಯ ಪ್ರಕಾರ ಕೂಸು ಅಜ್ಜಿಯ ಹತ್ತಿರ ಇರತಕ್ಕದ್ದು ಎಂದು ಬರೆದಿದೆ. ಅವನು ವಿಜಾಪುರಕ್ಕೆ ಮೇಲರ್ಜಿ ಹಾಕಿದರೆ, ನೀನು ಇಳಕಲ್ಲಿನ ಓಣಿಯಲ್ಲಿ ಓಡಾಡಿದ್ದೇ ಅವನಿಗೆ ಸಾಕು ಎನ್ನುತ್ತಾನೆ ವಕೀಲ. ನೀನು ಇದ್ದೀ ಎಂದರೆ ಕೂಸು ಹೋಗುತ್ತದೆ, ಇಲ್ಲ ಎಂದರೆ ಕೂಸು ಉಳಿಯುತ್ತದೆ. ಇದನ್ನು ಗೆದ್ದದ್ದು ಎನ್ನಬೇಕೋ ಏನೆನ್ನಬೇಕೋ ನನಗೆ ತಿಳಿಯದು.

ತಿರುಗಿ ಬರುವಾಗ ಗಾಡಿಯಲ್ಲಿ ಕೇಳಿದೆ, ಅವ್ವ ಸತ್ತಾಳಂತ ನಿನಗೆ ಯಾರು ಹೇಳಿದರು ಎಂದು. “ಯಾರೂ ಹೇಳಿಲ್ಲ. ಎಲ್ಲಾರ ಅವ್ವಗೋಳು ಬರ್ತಾರ, ನಮ್ಮವ್ವ ಬರೂದಿಲ್ಲ. ಹಂಗಾದ್ರ ಸತ್ತಿರಬೇಕಲ್ಲ?” ಎಂದಳು. ನೀನು ಬದುಕಿದ್ದೀ, ಬನಶಂಕರಿಯ ಹತ್ತಿರ ಇದ್ದೀ, ಯಾರಿಗೂ ಹೇಳಬೇಡ ಎಂದು ಅವಳ ಕಿವಿಯಲ್ಲಿ ಹೇಳಿಬಿಟ್ಟೆ. ಅವಳು ನನ್ನ ಸೆರಗು ಬಿಟ್ಟು ಎದ್ದು ಕೂತಳು. ಆಮೇಲೆ, “ಹಂಗಾದ್ರ ಯಾಕ ಬರಲಿಲ್ಲ, ಆಯಿ?” ಎಂದಳು.

ನೀನೇ ಅವಳಿಗೆ ಬರೆ. ಅಕ್ಷರ ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆ, ಈಗ ಕೂಡಿಸಿ ಓದುತ್ತಾಳೆ. ಈ ಕಾಗದ ತಂದ ಸುಭಾನಸಾಬ ನೀನು ಬರೆಯುವವರೆಗೆ ಅಲ್ಲಿಯೇ ನಿಲ್ಲುತ್ತಾನೆ.