ಎರಡೂಕಾಲು ಅಡಿ ಗೇಟಿಗೆ ಮೂರಡಿ ಟಿಲ್ಲರ್

ಮೂರಡಿ ಅಗಲದ ಟಿಲ್ಲರನ್ನು ಎರಡೂಕಾಲು ಅಡಿ ಗೇಟಿನ ತೋಟಕ್ಕೆ ಆರಿಸಿ ಕಳಿಸಿದ ಉದ್ಯಾನ ವಿಭಾಗದ ಮುಖ್ಯಾಧಿಕಾರಿಗಳೇ, ಮಾನ್ಯರೇ,

ಊರಿನವರಿಗೆ ನೀವು ತುಂಡು ತುಂಡಾಗಿ ಹಂಚಿರುವ ತೋಟದಲ್ಲಿ ನಮ್ಮ ದೊಡ್ಡಮ್ಮನ ತಾಕನ್ನು ಈ ತಿಂಗಳ ಹದಿನೈದನೇ ತಾರೀಕು ನೀವು ಹಿಂದಕ್ಕೆ ಪಡೆಯಲಿದ್ದೀರಿ. ಪೂರ್ತಿ ಅಗೆದಿಲ್ಲ ಎಂಬುದು ನೀವು ಕೊಟ್ಟಿರುವ ಕಾರಣ. ಅಗೆಯಲು ನೀವೇ ಒಂದು ಯಂತ್ರ ಕೊಟ್ಟಿದ್ದೀರಿ. ಅದು ಗೇಟಿನೊಳಗೆ ಹೋಗುವುದಿಲ್ಲ. ಹೊರಗಿನಿಂದ ಸಣ್ಣದೊಂದನ್ನು ತರೋಣವೆಂದರೆ, ತರಕೂಡದೆಂದು ನೀವೇ ಸುತ್ತೋಲೆ ಹೊರಡಿಸಿದ್ದೀರಿ. ದೂರು ಇಷ್ಟೇ, ಪತ್ರವನ್ನು ಇಲ್ಲಿಗೇ ಮುಗಿಸಿ ಚಹಾ ಕುಡಿಯಬಹುದಿತ್ತು. ಆದರೆ ಆ ಯಂತ್ರ ಹೇಗೆ ಆಯ್ಕೆಯಾಯಿತೆಂಬ ಸಂಗತಿ ನಿಮಗೆ ಗೊತ್ತಿಲ್ಲ, ನನಗೆ ಗೊತ್ತು. ಅದನ್ನು ಹೇಳದೆ ಬೇಡಿಕೆ ಮುಂದಿಟ್ಟರೆ ನಿಮಗೂ ನನಗೂ ಏನು ವ್ಯತ್ಯಾಸ?

ನಾನು ನಿಮ್ಮ ಕಚೇರಿಯ ಎದುರಿಗಿರುವ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುವವಳು. ನಿಮ್ಮ ಇಲಾಖೆಯ ಎಲ್ಲ ನಮೂನೆಗಳೂ ಮೊದಲು ನನ್ನ ಕೈಯಲ್ಲಿ ಬಿಸಿಯಾಗಿ ಹುಟ್ಟಿ, ಆಮೇಲೆ ನಿಮ್ಮ ಮೇಜಿನ ಮೇಲೆ ತಣ್ಣಗಾಗುತ್ತವೆ. ಈ ವರ್ಷದ ಆರಂಭದಲ್ಲಿ ಮೂವತ್ತೆರಡು ತಾಕುಗಳ ಮೂವತ್ತೆರಡು ಹಿಡುವಳಿದಾರರಿಗೆ ನೀವು ಒಂದು ಪ್ರಶ್ನಾವಳಿ ಮಾಡಿಸಿದಿರಿ. ಸಾಮೂಹಿಕ ಬಳಕೆಗೆ ಒಂದು ಟಿಲ್ಲರ್ ಕೊಳ್ಳಲಾಗುವುದು, ಎಷ್ಟು ಶಕ್ತಿಯದು ಬೇಕು, ಎಂಥದು ಬೇಕು, ಯಂತ್ರ ನಡೆಸಿದ ಅನುಭವವುಳ್ಳವರು ಯಾರಾದರೂ ಇದ್ದಾರೆಯೇ, ಇತ್ಯಾದಿ. ಪ್ರತಿ ಹಾಳೆಯ ತಲೆಯಲ್ಲಿ ತಾಕಿನ ಸಂಖ್ಯೆ, ಹಿಡುವಳಿದಾರರ ಹೆಸರು ಅಚ್ಚಾಗಿತ್ತು. ಮನೆಮನೆಗೆ ತಲುಪಿಸಲು ನಿಮ್ಮ ಗುಮಾಸ್ತರಿಗೆ ಬಿಸಿಲು ಅಡ್ಡ ಬಂತು. ಹಾಳೆಗಳನ್ನು ನಮ್ಮ ಅಂಗಡಿಯಲ್ಲೇ ಇಟ್ಟು, ಪಕ್ಕದಲ್ಲೊಂದು ರಟ್ಟಿನ ಡಬ್ಬ ಇಟ್ಟು, "ಬಂದೋರು ತುಂಬಿ ಹಾಕ್ತಾರೆ ಬಿಡಮ್ಮ" ಎಂದು ಹೋದರು.

ಮೂರು ವಾರದಲ್ಲಿ ಬಂದವರು ಒಂಬತ್ತು ಜನ. ಅವರಲ್ಲಿ ಏಳು ಜನ, ತೋಟ ಮಾಡುವವರಾದ್ದರಿಂದ, ಬಹಳ ಸಪ್ಪೆಯಾಗಿ ಬರೆದಿದ್ದರು: ಸಣ್ಣದು ಸಾಕು, ಹಗುರ ಇರಲಿ, ತಿರುಗಿಸಲು ಸುಲಭ ಇರಲಿ. ಇನ್ನಿಬ್ಬರು ಯಾವುದಾದರೂ ಆದೀತು ಎಂದಿದ್ದರು. ಉಳಿದ ಇಪ್ಪತ್ತಮೂರು ಹಾಳೆಗಳು ಖಾಲಿ. ಕೊನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಆ ಇಪ್ಪತ್ತಮೂರನ್ನೂ ನಾನೇ ತುಂಬಿದೆ.

ಹೌದು, ಸರಿಯಾಗಿಯೇ ಓದಿದಿರಿ. ನಾಲ್ಕು ಬಣ್ಣದ ಪೆನ್ನು, ಎರಡು ಕೈ, ಒಂದು ಮಧ್ಯಾಹ್ನ. ಆರನೇ ತಾಕಿನವರು "ತೋಟದ ಘನತೆಗೆ ಒಂಬತ್ತು ಎಚ್‌ಪಿಗಿಂತ ಕಡಿಮೆಯದು ಶೋಭಿಸದು" ಎಂದರು. ಇಪ್ಪತ್ತೊಂದನೆಯವರು, ಅಭಿವೃದ್ಧಿ ಆಗುತ್ತಿದೆಯೆಂಬುದು ಪಕ್ಕದ ಬಡಾವಣೆಗೂ ಕೇಳುವಷ್ಟು ಸದ್ದು ಇರಬೇಕೆಂದು ಕೋರಿದರು. ಮೂವತ್ತನೆಯವರು "ಹಿಂದಕ್ಕೆ ಚಲಿಸುವ ಗೇರ್ ಬೇಡ, ನಾವು ಹಿಂದೆ ಸರಿಯುವ ಜನರಲ್ಲ" ಎಂದು ಗುಡುಗಿದರು. ಇದನ್ನು ಓದುವ ಯಾವ ಮನುಷ್ಯನಾದರೂ ನಕ್ಕು, ಹಾಳೆಗಳನ್ನು ಪಕ್ಕಕ್ಕೆ ಎಸೆದು, ಆ ಒಂಬತ್ತು ಜನರ ಮಾತು ಕೇಳುತ್ತಾನೆಂದು ನಾನು ನಂಬಿದ್ದೆ. ನನ್ನ ತಪ್ಪು ಅದೇ. ನಿಮ್ಮ ಕಚೇರಿಯಲ್ಲಿ ಹಾಳೆಗಳನ್ನು ಎಣಿಸುತ್ತಾರೆ, ಓದುವುದಿಲ್ಲ. ಎಣಿಸಿದರು. "ಬಹುಸಂಖ್ಯಾತ ಹಿಡುವಳಿದಾರರ ಸ್ಪಷ್ಟ ಅಭಿಪ್ರಾಯದಂತೆ" ಎಂದು ಟಿಪ್ಪಣಿ ಬರೆದರು. ಆ ಟಿಪ್ಪಣಿಯ ಜೆರಾಕ್ಸ್ ತೆಗೆದವಳೂ ನಾನೇ. ಮೂರು ಪ್ರತಿ, ಎರಡೂ ಬದಿ.

ಇನ್ನೊಂದು ಹಾಳೆಯ ಬಗ್ಗೆ ಹೇಳಬೇಕು. ಹದಿನಾಲ್ಕನೇ ತಾಕಿನದು. ಅದರ ಮೇಲೆ ನಮ್ಮ ದೊಡ್ಡಪ್ಪನ ಹೆಸರು ಅಚ್ಚಾಗಿತ್ತು. ಅವರು ತೀರಿಕೊಂಡು ಅಂದಿಗೆ ಒಂಬತ್ತು ದಿನ. ನನ್ನನ್ನು ಸಾಕಿದವರು ಅವರು ಮತ್ತು ದೊಡ್ಡಮ್ಮ. ಇಪ್ಪತ್ತೆಂಟು ವರ್ಷ ಇದೇ ಊರಿನ ರಸ್ತೆಗಳ ಮೇಲೆ ರೋಡ್ ರೋಲರ್ ಓಡಿಸಿ, ನಿವೃತ್ತಿಯಾದ ಮೇಲೆ ಹನ್ನೊಂದು ವರ್ಷ ಆ ಹದಿನೈದಡಿ ಅಗಲ, ಇಪ್ಪತ್ತನಾಲ್ಕಡಿ ಉದ್ದದ ನೆಲವನ್ನು ಗುದ್ದಲಿಯಲ್ಲಿ ಅಗೆದವರು. ಗಟ್ಟಿ ಮಾಡಿದ ನೆಲವನ್ನೆಲ್ಲ ಇಲ್ಲಿ ಸಡಿಲ ಮಾಡಿ ಋಣ ತೀರಿಸುತ್ತಿದ್ದೇನೆ ಎನ್ನುತ್ತಿದ್ದರು. ನನ್ನನ್ನು ಕೋತಿ ಎಂದು ಕರೆಯುತ್ತಿದ್ದರು. ಆ ವಾರ ನನಗೆ ಅಳುವೂ ಬರುತ್ತಿರಲಿಲ್ಲ, ನಗುವೂ ಬರುತ್ತಿರಲಿಲ್ಲ. ಕೈಗೆ ಗೊತ್ತಿದ್ದ ಕೆಲಸ ತಮಾಷೆ, ಅದು ತನ್ನಷ್ಟಕ್ಕೆ ಮಾಡುತ್ತಿತ್ತು. ಉಳಿದೆಲ್ಲ ಹಾಳೆ ತುಂಬಿ ಅವರದೊಂದನ್ನು ಖಾಲಿ ಬಿಡಲು ಮನಸ್ಸು ಬರಲಿಲ್ಲ. ಅನುಭವವುಳ್ಳವರು ಇದ್ದಾರೆಯೇ ಎಂಬ ಪ್ರಶ್ನೆಯ ಎದುರು, "ಸವಿನಯವಾಗಿ, ನಾನೇ ಇದ್ದೇನೆ. ಭಾರೀ ಯಂತ್ರಗಳಲ್ಲಿ ಇಪ್ಪತ್ತೆಂಟು ವರ್ಷ" ಎಂದು ಬರೆದು ಡಬ್ಬಕ್ಕೆ ಹಾಕಿದೆ.

ಎರಡು ತಿಂಗಳಾದ ಮೇಲೆ ಯಂತ್ರ ಬಂತು. ಒಂಬತ್ತು ಎಚ್‌ಪಿ, ನೂರಿಪ್ಪತ್ತು ಕೆ.ಜಿ., ಅಗಲ ಮೂರಡಿ. ಹಿಂದಕ್ಕೆ ಹೋಗುವ ಗೇರ್ ಇಲ್ಲ. ಅಂಥ ಹಳೆಯ ಮಾದರಿ ಗೋದಾಮಿನಲ್ಲಿ ಒಂದೇ ಒಂದು ಉಳಿದಿತ್ತಂತೆ, ಹುಡುಕಿಸಿ ತರಿಸಿದಿರಂತೆ. ನಿಮ್ಮ ಶ್ರದ್ಧೆಗೆ ಕೈ ಮುಗಿಯಬೇಕು. ಅದರ ಹಿಂದೆಯೇ ದೊಡ್ಡಪ್ಪನ ಹೆಸರಿಗೊಂದು ಪತ್ರವೂ ಬಂತು: ಅವರನ್ನು ತೋಟದ "ಅಧಿಕೃತ ಯಂತ್ರಚಾಲಕ"ರನ್ನಾಗಿ ನೇಮಿಸಲಾಗಿದೆ, ಇನ್ನು ಮುಂದೆ ಅವರ ಸಹಿಯಿಲ್ಲದೆ ಯಂತ್ರ ಶೆಡ್ಡಿನಿಂದ ಹೊರಬರತಕ್ಕದ್ದಲ್ಲ.

ಅದೇ ವಾರ ನಿಮ್ಮ ಮೂರನೇ ಮೇಜಿನಿಂದ ಇನ್ನೊಂದು ಪತ್ರ. ಹಿಡುವಳಿದಾರರು ಮೃತರಾದ ಕಾರಣ ತಾಕನ್ನು ಪತ್ನಿಯ ಹೆಸರಿಗೆ ವರ್ಗಾಯಿಸಲು ಅಡ್ಡಿಯಿಲ್ಲ, ಆದರೆ ಆಕೆ ಸಾಗುವಳಿ ಮಾಡಬಲ್ಲಳೆಂದು ತೋರಿಸಲು ಹದಿನೈದರೊಳಗೆ ಪೂರ್ತಿ ಅಗೆದಿರಬೇಕು; ತಪ್ಪಿದರೆ ಕಾಯುವ ಪಟ್ಟಿಯಲ್ಲಿ ಮುಂದಿರುವವರಿಗೆ. ಹೀಗೆ ನಮ್ಮ ದೊಡ್ಡಪ್ಪ ಮೂರನೇ ಮೇಜಿನಲ್ಲಿ ಸತ್ತಿದ್ದಾರೆ, ಐದನೇ ಮೇಜಿನಲ್ಲಿ ನೌಕರಿಗೆ ಸೇರಿದ್ದಾರೆ. ಎರಡು ಮೇಜುಗಳ ನಡುವೆ ಇರುವುದು ಒಂದು ನೀರಿನ ಕ್ಯಾನು. ನೀರು ಕುಡಿಯಲು ಎದ್ದಾಗಲಾದರೂ ಅವರಿಬ್ಬರೂ ಮಾತಾಡಿಕೊಳ್ಳುವುದಿಲ್ಲವೇ?

ದೊಡ್ಡಮ್ಮ ಆ ನೇಮಕದ ಪತ್ರ ಹಿಡಿದು ಶೆಡ್ಡಿಗೆ ಹೋದರು. ಶೆಡ್ಡಿನ ಕಾವಲುಗಾರ ಒಳ್ಳೆಯ ಮನುಷ್ಯ. ತಲೆ ಕೆರೆದುಕೊಂಡ. "ಸಹಿ ಬೇಕಲ್ಲಮ್ಮ" ಎಂದ.

"ಅವರು ಬರೋ ಹಾಗಿದ್ರೆ ಯಂತ್ರ ಯಾಕೆ ಬೇಕಿತ್ತಪ್ಪ ನಂಗೆ" ಎಂದರು ದೊಡ್ಡಮ್ಮ.

ಅವನು ಬೀಗ ತೆಗೆದ. ಅವನ ಮೇಲೆ ಕ್ರಮ ಕೈಗೊಳ್ಳುವುದಿದ್ದರೆ ದಯವಿಟ್ಟು ಮೊದಲು ಮುಂದಿನ ಪ್ಯಾರಾ ಓದಿ, ಅವನಿಗೆ ಆಗಲೇ ಸಾಕಷ್ಟು ಶಿಕ್ಷೆಯಾಗಿದೆ.

ಗೇಟಿನ ಒಂದು ಕಂಬ ಕಿತ್ತು ಯಂತ್ರವನ್ನು ಒಳಗೆ ತಳ್ಳಿದೆವು, ಅವನು, ನಾನು, ದೊಡ್ಡಮ್ಮ. ಕಾವಲುಗಾರ ಹಗ್ಗ ಎಳೆದು ಚಾಲೂ ಮಾಡಿದ. ಹಿಡಿ ತಾವೇ ಹಿಡಿಯುವುದೆಂದು ದೊಡ್ಡಮ್ಮನ ಹಟ. ಸಾಗುವಳಿ ತೋರಿಸಬೇಕಾದವರು ಅವರಲ್ಲವೇ. ನಿಮ್ಮ ಯಂತ್ರ ಹದಿನಾಲ್ಕನೇ ತಾಕನ್ನು ನಾಲ್ಕು ದಾಪುಗಾಲಿನಲ್ಲಿ ದಾಟಿತು. ದೊಡ್ಡಮ್ಮ ಅದನ್ನು ನಡೆಸಲಿಲ್ಲ, ಅದಕ್ಕೆ ಜೋತು ಬಿದ್ದಿದ್ದರು. ಹದಿನೈದನೇ ತಾಕಿನ ಬೀನ್ಸ್ ಚಪ್ಪರ ಮಲಗಿತು. ಅದರಾಚೆಯ ತಂತಿ ಬೇಲಿಗೆ ಮೂತಿ ಒತ್ತಿಕೊಂಡು ಯಂತ್ರ ನಿಂತಿತು. ಹಿಂದಕ್ಕೆ ಬರಲು ಗೇರ್ ಇಲ್ಲ, ನಾವು ಹಿಂದೆ ಸರಿಯುವ ಜನರಲ್ಲವಲ್ಲ. ಬೇರೆ ತಾಕುಗಳಿಂದ ನಾಲ್ಕು ಜನ ಬಂದು ಗೇಟಿನಾಚೆಯವರೆಗೆ ಹಿಂದಕ್ಕೆ ಎಳೆಯಬೇಕಾಯಿತು. ಎಳೆಯುವಾಗ ಒಂದು ಚಕ್ರ ಕಾವಲುಗಾರನ ಪಾದದ ಮೇಲೆ ಹೋಯಿತು. ದೊಡ್ಡಮ್ಮನ ಬಲಭುಜ ಉಳುಕಿದೆ. ಆರು ವಾರ ಭಾರ ಎತ್ತಕೂಡದೆಂದು ಡಾಕ್ಟರು ಹೇಳಿದ್ದಾರೆ.

ಆದರೆ ಆ ಹೊತ್ತಿಗೆ ದೊಡ್ಡಮ್ಮ ಭುಜ ನೋಡಿಕೊಳ್ಳಲಿಲ್ಲ. ಯಂತ್ರ ಹೋದ ದಾರಿಯನ್ನು ನೋಡಿದರು. ಬ್ಲೇಡುಗಳು ಎಷ್ಟು ಆಳಕ್ಕೆ ಇಳಿದಿದ್ದವೆಂದರೆ, ಅಡಿಯಲ್ಲಿದ್ದ ಹಳದಿ ಮಣ್ಣೆಲ್ಲ ಮೇಲೆ ಬಂದು, ದೊಡ್ಡಪ್ಪ ಹನ್ನೊಂದು ವರ್ಷ ಎಲೆ, ಗೊಬ್ಬರ ಹಾಕಿ ಮಾಡಿದ ಕಪ್ಪು ಮಣ್ಣು ಅದರ ಕೆಳಗೆ ಹೂತುಹೋಗಿತ್ತು. ಮೂರಡಿ ಅಗಲದ ಹಳದಿ ಪಟ್ಟಿ, ಈ ತುದಿಯಿಂದ ಆ ತುದಿಗೆ. ದೊಡ್ಡಮ್ಮ ಎಡಗೈಯಲ್ಲಿ ಒಂದು ಹೆಂಟೆ ಎತ್ತಿ, ಪುಡಿ ಮಾಡಲು ನೋಡಿ, ಆಗದೆ ಕೆಳಗಿಟ್ಟರು. ನಾನು ಪಕ್ಕದಲ್ಲೇ ನಿಂತಿದ್ದೆ. ನನಗೆ ಏನೂ ಅನ್ನಿಸಲಿಲ್ಲ. ಗೇಟಿನ ಕಂಬ ಎಲ್ಲಿಟ್ಟೆವೆಂದು ಹುಡುಕಿದೆ, ಅದನ್ನು ಮತ್ತೆ ನೆಟ್ಟೆ, ಬೋಲ್ಟು ಬಿಗಿ ಮಾಡಿದೆ. ಬೋಲ್ಟು ಬಹಳ ಚೆನ್ನಾಗಿ ಬಿಗಿಯಾಯಿತು.

ಮಾರನೆಯ ದಿನ ಅವರನ್ನು ಯಂತ್ರದ ಅಂಗಡಿಗೆ ಕರೆದುಕೊಂಡು ಹೋದೆ, ನಿಮಗೆ ಆ ದೈತ್ಯನನ್ನು ಮಾರಿದ ಅಂಗಡಿಗೇ. ಒಂದು ಟಿಲ್ಲರನ್ನು ಹೇಗೆ ಆರಿಸುತ್ತಾರೆಂದು ನಾನು ಅಲ್ಲಿ ಮೊದಲ ಸಲ ನೋಡಿದೆ. ನೀವೂ ಒಮ್ಮೆ ನೋಡಬೇಕು, ಮಾನ್ಯರೇ. ಅಂಗಡಿಯವರು ಎಷ್ಟು ಎಚ್‌ಪಿ ಬೇಕೆಂದು ಕೇಳಲೇ ಇಲ್ಲ. "ಮೊದಲು ಗೇಟಿನ ಅಗಲ ಹೇಳಿ, ಆಮೇಲೆ ಜಾಗ, ಆಮೇಲೆ ಮಣ್ಣು. ಕೊನೇಗೆ, ಹಿಡಿಯೋರು ಯಾರು ಅಂತ ಹೇಳಿ" ಎಂದರು. ಹನ್ನೊಂದು ವರ್ಷ ಅಗೆದ ಮಣ್ಣಿಗೆ ಭಾರದ ಯಂತ್ರವೇ ಬೇಡವಂತೆ. ಬೀಳು ಬಿದ್ದ ಗಟ್ಟಿ ನೆಲ ಒಡೆಯಲು ಮಾತ್ರ ಭಾರ ಬೇಕಂತೆ. ಮೂಲೆಯಿಂದ ಒಂದನ್ನು ಒಂದೇ ಕೈಯಲ್ಲಿ ತಂದಿಟ್ಟರು: ಎರಡೂವರೆ ಎಚ್‌ಪಿ, ಇಪ್ಪತ್ತನಾಲ್ಕು ಕೆ.ಜಿ. ಹೊರಗಿನ ಎರಡು ಬ್ಲೇಡು ಬಿಚ್ಚಿದರೆ ಒಂದೂವರೆ ಅಡಿ ಅಗಲ. ಎಷ್ಟು ಆಳ ಹೋಗಬೇಕೋ ಅಷ್ಟಕ್ಕೆ ತಡೆಯಲು ಹಿಂದೆ ಒಂದು ಕಡ್ಡಿ. ಹಿಂದಕ್ಕೂ ಬರುತ್ತದೆ. ಹಿಡಿಯಿಂದ ಕೈ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ದೊಡ್ಡಮ್ಮ ಎಡಗೈಯೊಂದರಲ್ಲೇ ಅದನ್ನು ಅಂಗಡಿಯ ನೆಲದ ಮೇಲೆ ಒಂದು ಸುತ್ತು ತಿರುಗಿಸಿ, "ಇದು ಹೇಳಿದ ಮಾತು ಕೇಳುತ್ತೆ" ಎಂದರು.

ಕಚೇರಿಯವರಿಗೆ ಇದನ್ನೆಲ್ಲ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ಹೇಳೋಕೆ ಅವರು ಕೇಳಬೇಕಲ್ಲಮ್ಮ. ಕಾಗದ ಕೊಟ್ರು, ಕಾಗದದಲ್ಲಿ ಇದ್ದಿದ್ದು ಕೊಟ್ಟೆ" ಎಂದರು ಅಂಗಡಿಯವರು. ಅವರಿಗೂ ಪಾಪ ಅನ್ನಿಸಿರಬೇಕು. ಸಣ್ಣ ಟಿಲ್ಲರನ್ನು ಒಂದು ದಿನದ ಮಟ್ಟಿಗೆ ಸುಮ್ಮನೆ ಕೊಡುತ್ತೇನೆ, ಎರಡು ತಾಸಿನ ಕೆಲಸ ಎಂದರು. ಅದನ್ನು ತಳ್ಳಿಕೊಂಡು ಗೇಟಿನವರೆಗೆ ಬಂದರೆ, ಹೊಸದಾಗಿ ಅಂಟಿಸಿದ ನಿಮ್ಮ ಸುತ್ತೋಲೆ: ಸಾರ್ವಜನಿಕ ಯಂತ್ರ ಲಭ್ಯವಿರುವುದರಿಂದ ಖಾಸಗಿ ಯಂತ್ರಗಳಿಗೆ ಪ್ರವೇಶವಿಲ್ಲ. ಮೀರಿದರೆ ತಾಕು ರದ್ದು. ಮೂವತ್ತೈದು ಪ್ರತಿ ಮಾಡಿದ್ದೆ ಅದನ್ನು, ಓದಿರಲಿಲ್ಲ. ನಿಮ್ಮ ಕಚೇರಿಯ ಗಾಳಿ ನನಗೂ ತಾಗಿದೆ.

ಅಂದು ಸಂಜೆ ಅಡುಗೆಮನೆಯಲ್ಲಿ ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಇಪ್ಪತ್ತಮೂರು ಹಾಳೆ, ನಾಲ್ಕು ಪೆನ್ನು, ಗೇರ್ ಬೇಡವೆಂದದ್ದು. ಅವರು ಎಡಗೈಯಲ್ಲಿ ಅಕ್ಕಿ ಆರಿಸುತ್ತಿದ್ದರು, ನಿಲ್ಲಿಸಲಿಲ್ಲ.

"ಗೊತ್ತಿತ್ತು" ಎಂದರು. "ನಿಮ್ಮ ದೊಡ್ಡಪ್ಪ ಜೀವಮಾನದಲ್ಲಿ ಯಾವತ್ತು ಸವಿನಯ ಅಂತ ಬರೆದಿದ್ರು? ಕಚೇರಿಯವರು ಕಳಿಸಿದ ಪತ್ರದಲ್ಲಿ ಅದನ್ನೇ ಎತ್ತಿ ಬರೆದಿದ್ರಲ್ಲ, ಆಗಲೇ ಗೊತ್ತಾಯ್ತು."

ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

"ಅವರು ಹೋದ ಮೇಲೆ ಅವರ ಹೆಸರಿಗೆ ಬಂದ ಕಾಗದ ಎಲ್ಲಾ ಮುಚ್ಚೋ ಕಾಗದನೇ. ಪಿಂಚಣಿ ಮುಚ್ಚಿ, ಕಾರ್ಡು ವಾಪಸ್ ಕೊಡಿ. ಇದೊಂದು ಮಾತ್ರ ಇವತ್ತಿಂದ ಕೆಲಸಕ್ಕೆ ಬನ್ನಿ ಅಂತಿತ್ತು. ಓದೋಕೆ ಚೆನ್ನಾಗಿತ್ತು ಕಣೇ." ಅಕ್ಕಿಯನ್ನು ಪಕ್ಕಕ್ಕೆ ಸರಿಸಿ, "ಭುಜ ನೋವಾಗ್ತಿದೆ, ಆ ಪಾತ್ರೆ ಇಳಿಸು" ಎಂದರು. ಇಳಿಸಿದೆ.

ಈಗ ಬೇಡಿಕೆಗೆ ಬರುತ್ತೇನೆ. ಸುಳ್ಳು ಹಾಳೆ ತುಂಬಿದ ಅಪರಾಧಕ್ಕೆ ನನ್ನ ಮೇಲೆ ಯಾವ ಕ್ರಮವಾದರೂ ಕೈಗೊಳ್ಳಿ. ನೋಟಿಸಿನ ಜೆರಾಕ್ಸ್ ನಾನೇ ತೆಗೆದುಕೊಡುತ್ತೇನೆ. ಆದರೆ ನಾನು ಮಾಡಿದ್ದು ತಮಾಷೆ. ಅದನ್ನು ಆಯ್ಕೆ ಎಂದು ಕರೆದವರು ನೀವು. ಒಂದು ಅಳತೆ ಟೇಪು ಹಿಡಿದು ನಿಮ್ಮಲ್ಲಿ ಒಬ್ಬರು, ಯಾರೋ ಒಬ್ಬರು, ಒಂದು ಸಲ ಆ ಗೇಟಿನವರೆಗೆ ನಡೆದಿದ್ದರೆ ನನ್ನ ಇಪ್ಪತ್ತಮೂರು ಸುಳ್ಳೂ ಅಲ್ಲೇ ಸತ್ತಿರುತ್ತಿದ್ದವು. ಆದ್ದರಿಂದ ಆ ಯಂತ್ರವನ್ನು ಅಂಗಡಿಗೆ ಹಿಂದಿರುಗಿಸಿ, ಆ ಏಳು ಜನ ಕೇಳಿದ ಸಣ್ಣದನ್ನು ತನ್ನಿ. ಅದು ನಿಧಾನವಾಗಲಿ. ಹದಿನೈದರೊಳಗೆ ಒಂದೇ ಒಂದು ದಿನ, ಎರಡೇ ಎರಡು ತಾಸು, ಸಾಲದ ಟಿಲ್ಲರಿಗೆ ಗೇಟು ತೆರೆಯಲು ಬರಹದಲ್ಲಿ ಅನುಮತಿ ಕೊಡಿ. ಇದು ಮಾತ್ರ ನಿಧಾನವಾಗುವಂತಿಲ್ಲ.

ಅಲ್ಲಿಯವರೆಗೆ ಗುದ್ದಲಿಯಲ್ಲಿ ನಾನು ಅಗೆಯುತ್ತಿದ್ದೇನೆ, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಮತ್ತು ಸಂಜೆ ಮುಚ್ಚಿದ ಮೇಲೆ. ಹಳದಿ ಪಟ್ಟಿಯಲ್ಲಿ ಎರಡು ಸಲ ಅಗೆಯಬೇಕು, ಮೇಲಿನದನ್ನು ಕೆಳಗೆ ಹಾಕಿ ಕೆಳಗಿನದನ್ನು ಮೇಲಕ್ಕೆ ತರಲು. ದೊಡ್ಡಮ್ಮ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕುಳಿತು ಎಡಗೈಯಲ್ಲಿ ಕಲ್ಲು ಆರಿಸುತ್ತಾರೆ, ನಾನು ಗುದ್ದಲಿ ಹಿಡಿಯುವ ರೀತಿಗೆ ತಲೆ ಅಲ್ಲಾಡಿಸುತ್ತಾರೆ. ನಿನ್ನೆ ಕಪ್ಪು ಮಣ್ಣು ಮೊದಲ ಸಲ ಕೈಗೆ ಸಿಕ್ಕಿತು. ತಣ್ಣಗಿತ್ತು, ಮುಷ್ಟಿಯಲ್ಲಿ ತಾನೇ ಉದುರಿತು. ತುಂಬಾ ಹೊತ್ತು ಹಿಡಿದುಕೊಂಡೇ ಇದ್ದೆನಂತೆ, ದೊಡ್ಡಮ್ಮ ಹೇಳಿದರು. ಈ ಲೆಕ್ಕದಲ್ಲಿ ಹೋದರೆ ಹದಿನೈದರ ಬೆಳಿಗ್ಗೆಗೆ ನಾಲ್ಕಡಿ ಉಳಿಯುತ್ತದೆ.

ಅನುಮತಿ ಕೊಡಲು ನಿಮ್ಮ ನಿಯಮಗಳು ಬಿಡುವುದೇ ಇಲ್ಲವೆಂದಾದರೆ ಕೊನೆಯದಾಗಿ ಇಷ್ಟು ಮಾಡಿ. ತಾಕು ನೋಡಲು ಬರುವ ತನಿಖೆಯವರನ್ನು ಹದಿನೈದರ ಬೆಳಿಗ್ಗೆ ಹತ್ತಕ್ಕೆ ಕಳಿಸಬೇಡಿ. ಸಂಜೆ ಆರಕ್ಕೆ ಕಳಿಸಿ. ಅಂದು ಇಡೀ ದಿನ ಅಂಗಡಿಗೆ ರಜೆ ಹಾಕಿದ್ದೇನೆ.

ಇಂತಿ,
ಹದಿನಾಲ್ಕನೇ ತಾಕಿನಲ್ಲಿ ಅರ್ಧದವರೆಗೆ ಬಂದಿರುವವಳು